ಮಾವನವರು ಕುರ್ಚಿಯೊಂದನ್ನು ಪಾಸು ಮಾಡಿದ ಪ್ರಕರಣ: ಶಿಫಾರಸು ಯಂತ್ರದವರಲ್ಲಿ ಒಂದು ಅರಿಕೆ

ಮಾನ್ಯ ಶಿಫಾರಸು ಯಂತ್ರದವರೇ,

ತಾವು ಸೌಖ್ಯವಾಗಿದ್ದೀರೋ ಇಲ್ಲವೋ ವಿಚಾರಿಸಲು ನನಗೆ ಯಾವ ದಾರಿಯೂ ಇಲ್ಲ. ಆದರೂ ಕರೆಂಟು ಹೋಗದ ಯಾವುದೋ ತಣ್ಣನೆಯ ಕೋಣೆಯಲ್ಲಿ ಹಸಿರು ದೀಪಗಳನ್ನು ಮಿಟುಕಿಸುತ್ತ, ಯಾರ ವಿಡಿಯೋವನ್ನು ಯಾರಿಗೆ ತೋರಿಸಬೇಕು, ಯಾರದನ್ನು ಯಾರಿಗೂ ತೋರಿಸಕೂಡದು ಎಂಬ ಮಹತ್ಕಾರ್ಯದಲ್ಲಿ ತಾವು ಬಿಡುವಿಲ್ಲದೆ ತೊಡಗಿರುವಿರೆಂದು ನಂಬಿ, ಅದರ ನಡುವೆ ಒಂದಿಷ್ಟು ಪುರಸೊತ್ತು ಮಾಡಿಕೊಂಡು ಈ ಬಡಪಾಯಿಯ ಅರಿಕೆಯನ್ನು ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ತಮ್ಮನ್ನು ಹೇಗೆ ಸಂಬೋಧಿಸಬೇಕು ಎಂಬುದು ತಿಳಿಯದೆ ನನ್ನ ಹೆಂಡತಿಯನ್ನು ಕೇಳಿದೆ. "ಯಾರ ಮಾತೂ ಕೇಳಲ್ಲ, ಯಾಕೆ ಅಂತ ಹೇಳಲ್ಲ, ತಾನು ಅಂದ್ಕೊಂಡಿದ್ದೇ ಸರಿ ಅನ್ನತ್ತೆ. ಇನ್ನೇನು, ಮಾನ್ಯರೇ ಅಂತ ಬರೀರಿ" ಎಂದಳು. ಹಾಗೆಯೇ ಬರೆದಿದ್ದೇನೆ.

ನಾನು ಕುರ್ಚಿ ರಿಪೇರಿ ಮಾಡುವವನು. ಇದನ್ನು ತಮಗೆ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ನಾನು ಯಾವ ಅಳತೆಯ ಚಪ್ಪಲಿ ಹುಡುಕಿದೆ, ಬೆನ್ನುನೋವಿಗೆ ಯಾವ ಎಣ್ಣೆ ವಿಚಾರಿಸಿದೆ, ಷಡ್ಡಕನ ಹೊಸ ಕಾರಿನ ಬೆಲೆಯನ್ನು ಎಷ್ಟು ಸಲ ನೋಡಿದೆ ಎಂಬುದೆಲ್ಲ ತಮಗೆ ಬಾಯಿಪಾಠವಾಗಿದೆ. ಆದರೆ ನಾನು ಕುರ್ಚಿಯನ್ನು ಮುರಿಯುವವನಲ್ಲ, ಸರಿಪಡಿಸುವವನು ಎಂಬ ಒಂದೇ ಒಂದು ಸಣ್ಣ ಸಂಗತಿ ಮಾತ್ರ ತಮ್ಮ ಅಪಾರ ಜ್ಞಾನದ ಜರಡಿಯಿಂದ ಅದು ಹೇಗೋ ಸೋರಿಹೋಗಿದೆ. ಈ ಪತ್ರವಿರುವುದು ಅದರ ಬಗ್ಗೆಯೇ.

ಮೊದಲು ನಾನು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಜನ ತಮ್ಮ ಕಷ್ಟಗಳನ್ನು ಬರೆದು ಕಳಿಸುತ್ತಿದ್ದರು, ನಾವು 'ವಿಷಾದದಿಂದ ತಿಳಿಸುವುದೇನೆಂದರೆ' ಎಂದು ಉತ್ತರಿಸುತ್ತಿದ್ದೆವು. ನನ್ನ ಭಾಷೆಯಲ್ಲಿ ಏನಾದರೂ ನಯವಿದ್ದರೆ ಅದು ಆ ಕಚೇರಿಯ ಕೊಡುಗೆ. ಅಲ್ಲಿದ್ದ ಕುರ್ಚಿಗಳೆಲ್ಲ ಕುಂಟುತ್ತಿದ್ದವು. ಊಟದ ಬಿಡುವಿನಲ್ಲಿ ನಾನು ಮೊದಲು ಕಾಲ ಕೆಳಗೆ ಕಾಗದ ಮಡಚಿ ಇಟ್ಟೆ, ಆಮೇಲೆ ಅಂಟು ತಂದೆ, ಆಮೇಲೆ ಉಳಿ ತಂದೆ. ಕಡೆಗೆ ಭಾನುವಾರಗಳಂದು ಒಬ್ಬ ಬಡಗಿಯ ಅಂಗಡಿಯಲ್ಲಿ ಕೂತು ಕೀಲು ಕೂಡಿಸುವುದನ್ನೂ ಬೆತ್ತ ಹೆಣೆಯುವುದನ್ನೂ ಕಲಿತೆ. ನಮ್ಮ ಮ್ಯಾನೇಜರು "ನೀವು ಫೈಲಿಗಿಂತ ಕುರ್ಚೀನೇ ಜಾಸ್ತಿ ನೋಡ್ತೀರಲ್ರೀ" ಎಂದು ನಗುತ್ತಿದ್ದರು. ಆ ಕಚೇರಿ ಇನ್ನೊಂದರಲ್ಲಿ ಸೇರಿಹೋಗಿ, ದೂರದ ಊರಿಗೆ ಹೋಗುತ್ತೀರೋ ಮನೆಗೆ ಹೋಗುತ್ತೀರೋ ಎಂದು ಕೇಳಿದಾಗ ನಾನು ಮನೆಗೆ ಬಂದೆ. ಕಾರು ಮಾರಿದೆವು. ಕಾರು ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಬೆಂಚು ಹಾಕಿ, ಕಿಟಕಿಗೆ ಫೋನು ಕಟ್ಟಿ, 'ಕುರ್ಚಿ ಆಸ್ಪತ್ರೆ' ಎಂಬ ಹೆಸರಿನಲ್ಲಿ ತಮ್ಮ ಪಾದದ ಬಳಿ ಬಂದು ನಿಂತೆ. ನನ್ನ ಹೆಂಡತಿ ನಿಜವಾದ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. "ಒಂದು ಆಸ್ಪತ್ರೆಯಿಂದ ಸಂಬಳ ಬರ್ತಾ ಇರೋವರೆಗೂ ಇನ್ನೊಂದು ನಡೀಲಿ" ಎಂದು ಒಪ್ಪಿದಳು.

ಆರಂಭದಲ್ಲಿ ತಾವು ನನಗೆ ತೋರಿದ ಕೃಪೆಯನ್ನು ಹೇಗೆ ತಾನೆ ಮರೆಯಲಿ? ಅಲುಗಾಡುವ ಕಾಲನ್ನು ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಕೀಲನ್ನು ಉಪ್ಪುಕಾಗದದಿಂದ ತಿಕ್ಕಿ ಕೂಡಿಸುವ ವಿಧಾನವನ್ನು ನಾನು ಎಳೆ ಎಳೆಯಾಗಿ ತೋರಿಸಿದ ವಿಡಿಯೋವನ್ನು ತಾವು ನನ್ನ ಹೆಂಡತಿಗೂ, ಅವಳ ಅಕ್ಕನಿಗೂ, ಆಸ್ಪತ್ರೆಯೊಂದರ ವಿಳಾಸ ಹುಡುಕುತ್ತಿದ್ದ ಯಾರೋ ಒಬ್ಬ ಪುಣ್ಯಾತ್ಮನಿಗೂ ತೋರಿಸಿದಿರಿ. ಆ ಪುಣ್ಯಾತ್ಮ 'ಮೂಳೆ ಡಾಕ್ಟರು ಎಷ್ಟು ಗಂಟೆಗೆ ಸಿಗ್ತಾರೆ' ಎಂದು ಕಾಮೆಂಟು ಹಾಕಿದ. ಬೇಸರಪಟ್ಟುಕೊಳ್ಳದೆ ತಾವು ನನಗೆ ಸಲಹೆಗಳನ್ನೂ ಕೊಟ್ಟಿರಿ. ಮುಖದಲ್ಲಿ ಅಚ್ಚರಿ ಕಾಣಬೇಕು ಎಂದಿರಿ. ಸ್ಟೂಲಿನ ಪಕ್ಕ ಕಣ್ಣು ಬಾಯಿ ಬಿಟ್ಟುಕೊಂಡು, ಅದೇ ಈಗ ಮಾತಾಡಿತೋ ಎಂಬಂತೆ ನಿಂತು ಫೋಟೋ ತೆಗೆಸಿಕೊಂಡೆ. ಮೊದಲ ಕ್ಷಣದಲ್ಲೇ ಏನಾದರೂ ಆಗಬೇಕು ಎಂದಿರಿ. ಕುರ್ಚಿ ರಿಪೇರಿಯ ಮೊದಲ ಕ್ಷಣದಲ್ಲಿ ಆಗುವುದೆಂದರೆ ಕನ್ನಡಕ ಹುಡುಕುವುದು ಮಾತ್ರ, ಅದನ್ನೂ ತೋರಿಸಿದೆ.

ಹಾಗೆಂದು ನಾನೇನೂ ಹಸಿದಿರಲಿಲ್ಲ. ಬೀದಿಯವರು ಒಬ್ಬೊಬ್ಬರಾಗಿ ವಿಡಿಯೋ ನೋಡಿ ತಮ್ಮ ಮನೆಯ ಕುರ್ಚಿಗಳನ್ನು ಹೊತ್ತು ತರತೊಡಗಿದ್ದರು. ಎದುರು ಮನೆಯ ಟ್ಯೂಷನ್ ಟೀಚರು ಮಕ್ಕಳು ಕೂರುವ ಬೆಂಚುಗಳನ್ನೆಲ್ಲ ನನ್ನ ಕೈಯಲ್ಲೇ ಸರಿಮಾಡಿಸುತ್ತಿದ್ದರು. ವಿಡಿಯೋದಿಂದ ಚಿಲ್ಲರೆ, ಕುರ್ಚಿಯಿಂದ ಅಕ್ಕಿಬೇಳೆ ಎಂಬಂತೆ ಬದುಕು ಸಾಗಿತ್ತು. ಅಷ್ಟರಲ್ಲಿ ನಮ್ಮ ಮಾವನವರು ಬಂದರು.

ಮಾವನವರೆಂದರೆ ನನ್ನ ಹೆಂಡತಿಯ ತಂದೆ. ವಾಹನ ಓಡಿಸುವವರಿಗೆ ಲೈಸೆನ್ಸು ಕೊಡುವ ಮುಂಚೆ ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುವ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅವರ ಕಾಲದಲ್ಲಿ ಅವರಿದ್ದ ಊರಿನ ಅರ್ಧ ಜನ ನಡೆದುಕೊಂಡೇ ಓಡಾಡುತ್ತಿದ್ದರಂತೆ. ಒಬ್ಬರ ಕೈಯಿಂದ ಒಂದು ಲೋಟ ಕಾಫಿ ಕುಡಿದವರಲ್ಲ. ಸ್ವಂತ ಮಗಳನ್ನೇ ಕನ್ನಡಿ ನೋಡದೆ ಗಾಡಿ ತಿರುಗಿಸಿದಳೆಂದು ಎರಡು ಸಲ ಫೇಲು ಮಾಡಿದ್ದರು. ಅತ್ತೆಯವರು ದೊಡ್ಡ ಮಗಳ ಬಾಣಂತನಕ್ಕೆ ಹೋಗಿದ್ದರಿಂದ, ಮಂಡಿಯ ಆಪರೇಷನ್ ಮಾಡಿಸಿಕೊಂಡ ಮಾವನವರು ನಮ್ಮಲ್ಲಿಗೆ ಬಂದರು. ನನ್ನನ್ನು ಅವರು ಬಹಳ ಗೌರವದಿಂದ 'ಅಳಿಯಂದ್ರೇ' ಎಂದೇ ಕರೆಯುತ್ತಾರೆ. ಆ ಗೌರವದಲ್ಲಿ, ಇದ್ದ ಸರ್ಕಾರಿಯಂಥ ಕೆಲಸ ಬಿಟ್ಟು ಶೆಡ್ಡಿನಲ್ಲಿ ಕೂತವನ ಬಗೆಗಿನ ಸಂಕಟವೂ ಸೇರಿತ್ತೆಂದು ನನಗೆ ಗೊತ್ತು. ಮನೆಯೊಳಗಿಗಿಂತ ಶೆಡ್ಡಿನಲ್ಲಿ ಬೆಳಕು ಚೆನ್ನಾಗಿದೆಯೆಂದು ಬೆಳಗಿನ ಪೇಪರನ್ನು ಅವರು ಅಲ್ಲೇ, ನನ್ನ ಬೆನ್ನ ಹಿಂದೆ ಕೂತು ಓದುತ್ತಿದ್ದರು.

ಒಂದು ದಿನ ಊಟದ ಮೇಜಿನ ಕುರ್ಚಿಯೊಂದನ್ನು ಕೂಡಿಸಿ, "ಈಗ ನೋಡಿ, ಎಷ್ಟು ಗಟ್ಟಿಯಾಗಿದೆ" ಎಂದು ಕ್ಯಾಮೆರಾಗೆ ಹೇಳುತ್ತ ಕೂತೆ. ಅಂಟು ಇನ್ನೂ ಒಣಗಿರಲಿಲ್ಲ. ಕಾಲು ಕಳಚಿ ನಾನು ನೆಲಕ್ಕೆ ಬಿದ್ದೆ. ಹಿಂದೆ ಕೂತಿದ್ದ ಮಾವನವರು ಪೇಪರನ್ನು ಕೆಳಗಿಳಿಸದೆ, ತಲೆಯೆತ್ತದೆ, ಮೂವತ್ತು ವರ್ಷ ಹೇಳಿ ಹೇಳಿ ಸವೆದ ದನಿಯಲ್ಲಿ "ಫೇಲು. ಮುಂದಿನ ತಿಂಗಳು ಬನ್ನಿ" ಎಂದರು.

ಅದನ್ನು ಕತ್ತರಿಸಿ ತೆಗೆಯುವಷ್ಟು ಉತ್ಸಾಹ ನನಗೆ ಅಂದು ಉಳಿದಿರಲಿಲ್ಲ. ಇದ್ದಂತೆಯೇ ಹಾಕಿ ಬೆನ್ನಿಗೆ ಎಣ್ಣೆ ಹಚ್ಚಿಕೊಂಡು ಮಲಗಿದೆ. ತಾವು ಮಾತ್ರ ಮಲಗಲಿಲ್ಲ. ನನ್ನ ಬಗ್ಗೆ ಅಲ್ಲಿಯವರೆಗೂ ಗಂಭೀರವಾಗಿ ಮೌನವಹಿಸಿದ್ದ ತಾವು, ನಾನು ಬಿದ್ದದ್ದನ್ನು ಕಂಡೊಡನೆ ಎಚ್ಚೆತ್ತು, ಆ ಸುದ್ದಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೂ ಮುಟ್ಟಿಸಿದಿರಿ. ಲಕ್ಷಾಂತರ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮಾವನವರಿಗೆ 'ಫೇಲ್ ತಾತ' ಎಂಬ ಬಿರುದು ಬಂತು. ತರಕಾರಿ ತರಲು ಹೋದರೆ ಅಂಗಡಿಯವನು "ಒಂದ್ಸಲ ನನ್ನನ್ನೂ ಫೇಲ್ ಮಾಡಿ ತಾತ" ಎಂದು ಬದನೆಕಾಯಿ ಮುಂದೆ ಹಿಡಿಯುತ್ತಿದ್ದ. ಮಾವನವರು ಅದನ್ನು ತಿರುಗಿಸಿ ನೋಡಿ, ತೊಟ್ಟಿನ ಹತ್ತಿರ ಹುಳುಕಿದೆ ಎಂದು ತೋರಿಸಿ, ಫೇಲೇ ಮಾಡುತ್ತಿದ್ದರು.

ಮರುವಾರ ನಾನು ಚಂದದ ಒಂದು ಬೆತ್ತದ ಕುರ್ಚಿಯನ್ನು ಹೆಣೆದು ತೋರಿಸಿದೆ. ಮಾವನವರು ಕೂತು "ಪರವಾಗಿಲ್ಲ" ಎಂದರು. ತಾವು ಮತ್ತೆ ನಿದ್ದೆಹೋದಿರಿ. ಅದರ ಮರುವಾರ ಇನ್ನೊಂದು ಕುರ್ಚಿ ನಿಜವಾಗಿಯೂ ಅಕಸ್ಮಾತ್ತಾಗಿ ಮುರಿಯಿತು, ತಾವು ಮತ್ತೆ ಎದ್ದಿರಿ, 'ನಿಮ್ಮ ವೀಕ್ಷಕರಿಗೆ ಇಂಥದ್ದು ಇಷ್ಟ' ಎಂದು ಸಂದೇಶ ಕಳಿಸಿದಿರಿ. ಇಷ್ಟು ಸ್ಪಷ್ಟವಾಗಿ ನನ್ನ ಮೇಷ್ಟ್ರುಗಳು ಕೂಡ ನನಗೆ ಎಂದೂ ಪಾಠ ಹೇಳಿರಲಿಲ್ಲ. ಬೀಳುವುದನ್ನು ಕಲಿತೆ. ಹಿಂದಿನ ದಿನವೇ ಕುರ್ಚಿಯ ಕಾಲನ್ನು ಒಳಮಗ್ಗುಲಲ್ಲಿ ಅರ್ಧ ಗರಗಸ ಹಾಕಿ ಇಡುವುದು, ಎಡಕ್ಕೆ ಬಿದ್ದರೆ ಕ್ಯಾಮೆರಾಗೆ ಮುಖ ಕಾಣುತ್ತದೆ ಎಂಬುದು, ಬೀಳುವಾಗ ಕೈಯಲ್ಲಿ ಚಹಾ ಇದ್ದರೆ ಇನ್ನೂ ಒಳ್ಳೆಯದು ಎಂಬುದು, ಹೀಗೆ ಈ ವಿದ್ಯೆಯ ಒಂದೊಂದು ಮೆಟ್ಟಿಲನ್ನೂ ತಮ್ಮ ಕೃಪೆಯಿಂದ ಏರಿದೆ, ಅಥವಾ ಇಳಿದೆ. ಹಣ ಬಂತು. ಅಂಟು ತಯಾರಿಸುವ ಕಂಪನಿಯೊಂದು ತನ್ನ ಡಬ್ಬಿಯನ್ನು ನನ್ನ ಬೆಂಚಿನ ಮೇಲೆ ಕಾಣುವಂತೆ ಇಡಲು ಒಪ್ಪಂದ ಮಾಡಿಕೊಂಡಿತು. ಹೆಂಡತಿ ಮನೆಗೆ ಹೊಸ ವಾಷಿಂಗ್ ಮೆಷಿನ್ನು ತಂದಳು, ಆದರೆ ಅರ್ಧ ಕೊಯ್ದ ಕಾಲೊಂದನ್ನು ಕಂಡ ದಿನ ಅದನ್ನು ಎತ್ತಿ ಒಮ್ಮೆ ನೋಡಿ ಇದ್ದಲ್ಲೇ ಇಟ್ಟುಬಿಟ್ಟಳು.

ಆದರೆ ಒಂದು ತೊಡಕಿತ್ತು. ಇದು ನಾಟಕವೆಂದು ಮಾವನವರಿಗೆ ಯಾರೂ ಹೇಳಿರಲಿಲ್ಲ. ಅವರು ವಾರವಾರವೂ ಪ್ರಾಮಾಣಿಕವಾಗಿಯೇ ಫೇಲು ಮಾಡುತ್ತಿದ್ದರು, ಮತ್ತು ವಾರವಾರವೂ ಅವರ ಚಿಂತೆ ಬೆಳೆಯುತ್ತಿತ್ತು. ಒಂದು ಸಂಜೆ ಅಡುಗೆಮನೆಯಲ್ಲಿ ಮಗಳನ್ನು ಪಕ್ಕಕ್ಕೆ ಕರೆದು, "ಅಳಿಯಂದ್ರು ಮೊದಲು ಚೆನ್ನಾಗೇ ಮಾಡ್ತಿದ್ರಮ್ಮ. ಈಗೀಗ ಕೈಗೆ ಏನೋ ಆಗಿದೆ. ನಡುಕದ ಕಾಯಿಲೆ ಶುರುವಿಗೆ ಹೀಗೇ ಇರತ್ತಂತೆ. ಅವರಿಗೆ ಹೇಳ್ಬೇಡ, ಸುಮ್ನೆ ಒಂದು ರಕ್ತ ಪರೀಕ್ಷೆ ಮಾಡ್ಸು" ಎಂದರಂತೆ. ಮರುದಿನ ಅವಳು ಸೂಜಿ ಹಿಡಿದು ಬಂದಳು. "ಅಪ್ಪನಿಗೆ ನೀವೇ ನಿಜ ಹೇಳ್ತೀರೋ, ಇಲ್ಲಾ ತೋಳು ಕೊಡ್ತೀರೋ?" ನಾನು ತೋಳು ಕೊಟ್ಟೆ. ವರದಿಯಲ್ಲಿ ಎಲ್ಲವೂ ಸರಿಯಿತ್ತು. ಮಾವನವರು ಅದನ್ನು ಎರಡೆರಡು ಸಲ ಓದಿ, ಮತ್ತಷ್ಟು ಕಂಗಾಲಾದರು.

ಹೀಗೆ ನಾನು ತಮ್ಮ ಅನುಗ್ರಹದ ತುತ್ತತುದಿಯಲ್ಲಿದ್ದಾಗಲೇ ಒಂದು ಮಧ್ಯಾಹ್ನ, ಎದುರು ಮನೆಯ ಟ್ಯೂಷನ್ ಟೀಚರು ಕಾಲು ಮುರಿದ ಬೆಂಚೊಂದನ್ನು ತಲೆಯ ಮೇಲೆ ಹೊತ್ತುಕೊಂಡು ನಮ್ಮ ಗೇಟಿನ ಮುಂದೆಯೇ ಹಾದು ಪಕ್ಕದ ಬೀದಿಯ ಅಂಗಡಿಯತ್ತ ಹೊರಟಿದ್ದನ್ನು ಕಂಡೆ. ಓಡಿಹೋಗಿ ಒಂದು ತುದಿ ಹಿಡಿದುಕೊಂಡು, "ಇಲ್ಲೇ ಕೊಡಬಾರದಿತ್ತೇ?" ಎಂದೆ. ಅವರು ತುಂಬಾ ಒಳ್ಳೆಯ ಹೆಂಗಸು. ಮುಖ ಕೆಂಪಾಯಿತು. "ನಿಮ್ಮ ವಿಡಿಯೋ ನಾವು ಮನೆಮಂದಿಯೆಲ್ಲ ಕೂತು ನೋಡ್ತೀವಿ ಸಾರ್. ನಕ್ಕೂ ನಕ್ಕೂ ಸಾಕಾಗತ್ತೆ" ಎಂದು ಬೆಂಚನ್ನು ತಲೆಯ ಮೇಲೆ ಸರಿಮಾಡಿಕೊಂಡು, "ಅದಕ್ಕೇ... ಮಕ್ಕಳು ಕೂರೋದು ನೋಡಿ" ಎಂದರು. ನಾನು ಬೆಂಚಿನ ತುದಿಯನ್ನು ಬಿಡಲಿಲ್ಲ. ಪಕ್ಕದ ಬೀದಿಯ ಅಂಗಡಿಯವರೆಗೂ ಹೊತ್ತುಕೊಟ್ಟು ಬಂದೆ.

ಮಾನ್ಯರೇ, ಲಕ್ಷ ಜನಕ್ಕೆ ಗೊತ್ತಿರುವವನಾಗಿ, ಎದುರು ಮನೆಗೆ ಆಗದವನಾಗುವುದು ಹೇಗೆಂದು ತಮ್ಮ ಹೊರತು ಬೇರೆ ಯಾರೂ ನನಗೆ ಕಲಿಸಲು ಸಾಧ್ಯವಿರಲಿಲ್ಲ. ಇದಕ್ಕಾಗಿ ತಮಗೊಂದು ಶಾಲು ಹೊದಿಸಬೇಕೆಂದಿದ್ದೇನೆ. ತಮ್ಮ ಭುಜ ಎಲ್ಲಿದೆ ಎಂಬುದನ್ನು ದಯಮಾಡಿ ತಿಳಿಸಿ.

ಆಗ ನನ್ನ ಬಳಿಗೆ ಬಂದವನು ಬೀದಿಯ ಕೊನೆಯ ಕ್ಷೌರದಂಗಡಿಯವನೊಬ್ಬನೇ. ತಲೆ ಆನಿಸುವ ಹಲಗೆಯಿದ್ದ ಹಳೆಯ ಭಾರದ ಮರದ ಕುರ್ಚಿ ಅವನದು. ಗಿರಾಕಿ ಒರಗಿದಾಗಲೆಲ್ಲ ಬಲಕ್ಕೆ ವಾಲುತ್ತಿತ್ತು. "ಕತ್ತಿನ ಹತ್ರ ಕತ್ತಿ ಇರತ್ತೆ ಸಾರ್, ಇದು ಅಲ್ಲಾಡಿದ್ರೆ ನಾನು ಜೈಲಿಗೇ" ಎಂದ. ನನ್ನ ವಿಡಿಯೋ ನೋಡಿಲ್ಲವೇ ಎಂದು ಕೇಳಿದೆ. "ದಿನವಿಡೀ ಕೈಯಲ್ಲಿ ಕತ್ತರಿ, ಎಲ್ಲಿ ನೋಡೋದು ಸಾರ್? ನೀವು ಕುರ್ಚಿ ಮಾಡ್ತೀರಿ ಅಂತ ಬೋರ್ಡಿತ್ತು, ಬಂದೆ." ತಮ್ಮ ಕಣ್ಣು ತಪ್ಪಿಸಿಕೊಂಡು ಬದುಕಿರುವ ಇಂಥವರು ಇನ್ನೂ ಇದ್ದಾರೆಂಬುದು ತಮಗೆ ನೋವಿನ ಸಂಗತಿಯಾದರೆ ಕ್ಷಮಿಸಿ. ಆ ಕುರ್ಚಿಯನ್ನು ನಾನು ಪೂರ್ತಿ ಬಿಚ್ಚಿದೆ. ಹುಳು ತಿಂದ ಭಾಗವನ್ನು ತೆಗೆದು ಹೊಸ ಮರ ಕೂಡಿಸಿದೆ. ಹಿಂಗಾಲುಗಳಿಗೆ ಹೊಸ ಗೂಟ ಹಾಕಿದೆ. ಅಂಟು ಒಣಗುವವರೆಗೂ ಅದರ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ. ಇಷ್ಟು ಮನಸ್ಸಿಟ್ಟು ಕೆಲಸ ಮಾಡಿ ಎಷ್ಟೋ ಕಾಲವಾಗಿತ್ತು. ಇದನ್ನು ವಿಡಿಯೋ ಮಾಡಲಿಲ್ಲ, ತಾವು ಹೇಗೂ ನೋಡುತ್ತಿರಲಿಲ್ಲ.

ಅದೇ ವಾರ ಅಂಟಿನ ಕಂಪನಿಯವರು ನೇರ ಪ್ರಸಾರವೊಂದನ್ನು ಗೊತ್ತುಮಾಡಿದ್ದರು. ತೆಳು ಮೀಸೆಯ, ಒಂದೇ ಸಮ ಫೋನು ನೋಡುವ ಅವರ ಪ್ರಚಾರದವನೊಬ್ಬ ಬಂದು ಶೆಡ್ಡಿನ ಮೂಲೆಯಲ್ಲಿ ನಿಂತ. ಏರ್ಪಾಡು ಸರಳವಾಗಿತ್ತು: ನಾನು ಸ್ಟೂಲಿನ ಮೇಲೆ ಕೂರಬೇಕು, ಬೀಳಬೇಕು, ತಾತ ಫೇಲು ಎನ್ನಬೇಕು, ನಾನು ಆ ಡಬ್ಬಿಯನ್ನೆತ್ತಿ ತೋರಿಸಬೇಕು. ಅರ್ಧ ಗರಗಸ ಹಾಕಿದ ಸ್ಟೂಲು ಸಿದ್ಧವಾಗಿತ್ತು. ಪ್ರಸಾರ ಶುರುವಾಗಿ ನಾನು ಡಬ್ಬಿಯ ಹೆಸರು ಕಾಣುವಂತೆ ತಿರುಗಿಸುತ್ತಿದ್ದಾಗ, ಹಿಂದೆ ಕೂತಿದ್ದ ಮಾವನವರು ಪೇಪರು ಮಡಚಿ ಎದ್ದರು. ಊರುಗೋಲಿನಿಂದ ಸ್ಟೂಲನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. ಗೋಡೆಯ ಬದಿಗಿದ್ದ ಕ್ಷೌರದ ಕುರ್ಚಿಯನ್ನು ತೋರಿಸಿ, "ಇವತ್ತು ಇದನ್ನ ಪರೀಕ್ಷೆ ಮಾಡ್ತೀನಿ" ಎಂದರು.

ಪ್ರಚಾರದವನು ಬೇಡ ಬೇಡವೆಂದು ಕೈ ಬೀಸಿದ. ನಾನು ಡಬ್ಬಿ ಹಿಡಿದು ನಿಂತೇ ಇದ್ದೆ. ಮಾವನವರಿಗೆ ಅವಸರವಿರಲಿಲ್ಲ. ಕುರ್ಚಿಯ ಸುತ್ತ ಒಂದು ಸುತ್ತು ಬಂದರು. ಬೆರಳಿನಿಂದ ಒಂದೊಂದು ಕೀಲನ್ನೂ ತಟ್ಟಿ ಕೇಳಿದರು. ನೋವಿನ ಮಂಡಿಯನ್ನು ಹಿಡಿದುಕೊಂಡು ಬಗ್ಗಿ ಅಡಿಯನ್ನೂ ನೋಡಿದರು. ಆಮೇಲೆ ಕೂತರು; ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು; ಹಲಗೆಗೆ ತಲೆಯಾನಿಸಿ, ಕತ್ತನ್ನು ಕತ್ತಿಗೆ ಒಡ್ಡಿದವರಂತೆ ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಹಾಗೇ ಇದ್ದರೆಂದರೆ ಅವರು ನಿದ್ದೆಹೋದರೆಂದೇ ನನಗೆ ಭಯವಾಯಿತು. ಕಣ್ಣು ತೆರೆದು, ಅದೇ ಸವೆದ ದನಿಯಲ್ಲಿ "ಪಾಸು" ಎಂದರು.

ಪ್ರಸಾರ ನಿಂತ ಮೇಲೆ, ಪ್ರಚಾರದವನು ಗೇಟಿನಾಚೆ ನಿಂತು ಯಾರಿಗೋ ಫೋನಿನಲ್ಲಿ ಕೂಗಾಡುತ್ತಿದ್ದಾಗ, ಮಾವನವರು ಆ ಸ್ಟೂಲನ್ನು ತಲೆಕೆಳಗು ಮಾಡಿ ನನ್ನ ಮುಂದಿಟ್ಟರು. ಗರಗಸದ ಗೀರು ಬೆಳ್ಳಗೆ ಕಾಣುತ್ತಿತ್ತು. "ಬೆಳಗ್ಗೆ ಪೇಪರ್ ತಡವಾಗಿ ಬಂತು, ಅಲ್ಲೀವರೆಗೂ ಸುಮ್ನೆ ಕೂತು ಇದನ್ನ ನೋಡ್ತಾ ಇದ್ದೆ" ಎಂದರು. ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿಯೂ ಅಚ್ಚರಿಯಾದವರಂತೆ ಹೇಳಿದರು: "ಪಾಸಾಗೋಕೆ ಮೋಸ ಮಾಡಿದವರನ್ನ ನನ್ನ ಸರ್ವೀಸಲ್ಲಿ ಬೇಕಾದಷ್ಟು ನೋಡಿದೀನಿ ಅಳಿಯಂದ್ರೇ. ಫೇಲಾಗೋಕೆ ಮೋಸ ಮಾಡಿದವರು ನೀವೇ ಮೊದಲು." ನಾನು ಸ್ಟೂಲನ್ನು ನೆಟ್ಟಗೆ ನಿಲ್ಲಿಸಿದೆ. "ಅದಕ್ಕೇ ದುಡ್ಡು ಬರೋದು ಮಾವ" ಎಂದೆ. ಅವರು ತಲೆದೂಗಿದರು. "ಕೈ ನಡುಕ ಇಲ್ವಲ್ಲ, ಅಷ್ಟು ಸಾಕು" ಎಂದು ಒಳಗೆ ಹೋದರು. ಆ ದಿನ ನಾನು ಶೆಡ್ಡಿನಿಂದ ಬೇಗ ಹೊರಗೆ ಬರಲಿಲ್ಲ.

ಮುಂದಿನದೆಲ್ಲ ತಮಗೆ ಗೊತ್ತಿರುವುದೇ, ಏಕೆಂದರೆ ಅದು ತಮ್ಮದೇ ಕೃತಿ. ಅಂಟಿನ ಕಂಪನಿ ಹೋಯಿತು. ತಾವು ನಮ್ಮನ್ನು ಎಷ್ಟು ಆಳದಲ್ಲಿ ಹೂತಿಟ್ಟಿರೆಂದರೆ ನನ್ನ ಚಾನೆಲನ್ನು ನಾನೇ ಹೆಸರು ಹೊಡೆದು ಹುಡುಕಿದರೂ ತಾವು ನನಗೆ ಒಂದು ಪಶುವೈದ್ಯಶಾಲೆಯನ್ನು ತೋರಿಸಿದಿರಿ. ಇದ್ದ ವೀಕ್ಷಕರಿಗೂ ಸಿಟ್ಟು ಬಂದಿತ್ತು. ನಗಲು ಬಂದವರಿಗೆ ನಗು ಸಿಗದಿದ್ದರೆ ಸಿಟ್ಟು ಬರುವುದು ಸಹಜವೇ. 'ತಾತನಿಗೆ ಅಳಿಯ ಎಷ್ಟು ಕೊಟ್ಟ?', 'ತಾತನೂ ಮಾರಾಟವಾದ', 'ಲೈಸೆನ್ಸ್ ಆಫೀಸಿನವರ ಹಳೇ ಬುದ್ಧಿ ಎಲ್ಲಿ ಹೋಗತ್ತೆ' ಎಂದು ಸಾಲುಸಾಲಾಗಿ ಬರೆದರು. ಇವನ್ನು ಮಾವನವರಿಗೆ ತೋರಿಸಬಾರದೆಂದು ನಾವು ಗಂಡ ಹೆಂಡಿರು ಮಾತಾಡಿಕೊಂಡಿದ್ದೆವು. ಆದರೆ ತಾವು ಬಿಡಬೇಕಲ್ಲ! ಯಾರಿಗೂ ತೋರಿಸದ ನಮ್ಮ ವಿಡಿಯೋವನ್ನು ಅವರೊಬ್ಬರ ಫೋನಿಗೆ ಮಾತ್ರ ಮರೆಯದೆ ತಲುಪಿಸಿದಿರಿ.

ಲೋಟ ಕಾಫಿಯನ್ನೂ ಮುಟ್ಟದೆ ಬಾಳಿದ ಮನುಷ್ಯ ಒಂದು ಕುರ್ಚಿಯನ್ನು ಪಾಸು ಮಾಡಿ ಲಂಚಕೋರನೆನಿಸಿಕೊಂಡರು. ಎರಡು ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶೆಡ್ಡಿಗೆ ಬಂದು, ಪೇಪರನ್ನು ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ ಫೋನನ್ನು ಕುಟ್ಟತೊಡಗಿದರು. ಬೈದವರಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಬರೆಯುತ್ತಿದ್ದರು. 'ತಾತನೂ ಮಾರಾಟವಾದ' ಎಂದವನಿಗೆ, 'ಮಾನ್ಯರೇ, ಹಿಂಗಾಲಿನ ಕೀಲಿನಲ್ಲಿ ಬೆಳಕು ತೂರುವಷ್ಟೂ ಸಂದಿರಲಿಲ್ಲ. ಹೊಸ ಮರದ ಎಳೆಯು ಹಳೆಯ ಮರದ ಎಳೆಯ ದಿಕ್ಕಿಗೇ ಇತ್ತು. ವಾಲಿದಾಗ ಸದ್ದು ಬರಲಿಲ್ಲ. ಆದ್ದರಿಂದ ಪಾಸು' ಎಂದು ಬರೆದರು. "ಬಿಡಪ್ಪಾ, ಅವರು ಯಾರೋ ಏನೋ, ಓದೋದೂ ಇಲ್ಲ" ಎಂದು ನನ್ನ ಹೆಂಡತಿ ರೇಗಿದಳು. "ಫೇಲಾದವನು ಕಾರಣ ಕೇಳಿದ್ರೆ ಹೇಳ್ತಿದ್ದೆ. ಪಾಸು ಮಾಡಿದ್ದಕ್ಕೂ ಕಾರಣ ಕೇಳ್ತಿದಾರೆ, ಹೇಳೋದು ಬೇಡ್ವಾ?" ಎಂದು ಅವರು ಮತ್ತೆ ಕುಟ್ಟಿದರು. ಬಹಳ ದಿನ ಕುಟ್ಟಿದರು.

ತಮಗೆ ತಿಳಿಯದಂತೆ ಜಗತ್ತಿನಲ್ಲಿ ಏನೂ ನಡೆಯುವುದಿಲ್ಲವೆಂದು ನಂಬಿರುವ ತಮಗೆ ಈ ಮುಂದಿನದನ್ನು ಹೇಳಲು ಸಂಕೋಚವಾಗುತ್ತದೆ. ಬೈದವರಲ್ಲಿ ಕೆಲವರು ಓದಿದರು. ಅವರಲ್ಲಿ ಒಬ್ಬ 'ಹಾಗಾದ್ರೆ ಇದನ್ನ ನೋಡಿ ಹೇಳಿ' ಎಂದು ತಾನು ಸರಿಮಾಡಿದ ಕುರ್ಚಿಯ ಫೋಟೋ ಕಳಿಸಿದ. ಮಾವನವರು ಅದನ್ನು ದೊಡ್ಡದು ಮಾಡಿ ನೋಡಿ, ಹನ್ನೊಂದು ಸಾಲಿನ ಕಾರಣ ಬರೆದು, ಫೇಲು ಮಾಡಿದರು. ಆತ ಮತ್ತೆ ಮಾಡಿ ಕಳಿಸಿದ. ಇನ್ನೊಬ್ಬರು ಕಳಿಸಿದರು. ಅಡುಗೆಯವರು, ನಿವೃತ್ತ ನರ್ಸು, ಹಡಗಿನಲ್ಲಿ ಕೆಲಸ ಮಾಡುವವರು, ಹೀಗೆ ಮನೆಯಲ್ಲೊಂದು ಮುರಿದ ಕುರ್ಚಿಯೂ ಒಂದು ಸುತ್ತಿಗೆಯೂ ಇದ್ದವರೆಲ್ಲ ಸೇರಿಕೊಂಡರು. ತಿಂಗಳಿಗಿಷ್ಟು ಎಂದು ಅವರೇ ನೇರವಾಗಿ ನಮಗೆ ಕಳಿಸುವ ಒಂದು ಪುಟ್ಟ ಗುಂಪಾಯಿತು. ನಾನು ಮಾಡುವುದನ್ನು ತೋರಿಸುತ್ತೇನೆ, ನಿಧಾನವಾಗಿ, ಕನ್ನಡಕ ಹುಡುಕುವುದರಿಂದ ಹಿಡಿದು. ಅವರು ಮಾಡಿ ಕಳಿಸುತ್ತಾರೆ. ಮಾವನವರು ಪರೀಕ್ಷೆ ಮಾಡುತ್ತಾರೆ. ಮೊದಲಿನ ಹಣದ ಮುಂದೆ ಇದು ಏನೂ ಅಲ್ಲ. ಆದರೆ ಪ್ರತಿ ತಿಂಗಳೂ ಬರುತ್ತದೆ, ಮತ್ತು ಯಾರೂ ಬೀಳಬೇಕಾಗಿಲ್ಲ. ಇತ್ತ ಕ್ಷೌರದಂಗಡಿಯಲ್ಲಿ ಒರಗಿದವರೆಲ್ಲ ಕುರ್ಚಿಯ ವಿಷಯ ಕೇಳತೊಡಗಿ, ಬೀದಿಯ ಕೆಲಸವೂ ಒಂದೊಂದಾಗಿ ಮರಳಿದೆ. ಆ ಕುರ್ಚಿಗಳೂ ಮಾವನವರು ಶೆಡ್ಡಿನಲ್ಲಿ ಕೂತು ಪಾಸು ಮಾಡಿದ ಮೇಲೆಯೇ ಮನೆಗೆ ಹೋಗುತ್ತವೆ.

ಈ ಹಂತದಲ್ಲಿ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಕೋರಿಕೆಗಳಿವೆ. ತಾವು ಒಮ್ಮೆಯಾದರೂ ನಮ್ಮ ಶೆಡ್ಡಿಗೆ ದಯಮಾಡಿಸಿ ಒಂದು ಕುರ್ಚಿಯ ಮೇಲೆ ಕೂರಬೇಕು. ಕೂರಲು ಬೇಕಾದ ಅಂಗ ತಮಗಿಲ್ಲದಿದ್ದರೆ ಒಂದನ್ನು ಮಾಡಿಸಿಕೊಂಡು ಬರಬೇಕು, ಅಳತೆ ಕೊಟ್ಟರೆ ಮರದಲ್ಲಿ ನಾನೇ ಮಾಡಿಕೊಡುತ್ತೇನೆ. ಯಾರನ್ನಾದರೂ ಮುಳುಗಿಸುವಾಗ ಕಾರಣವನ್ನು ಹನ್ನೊಂದಲ್ಲದಿದ್ದರೂ ಎರಡು ಸಾಲಿನಲ್ಲಾದರೂ ಬರೆದು ತಿಳಿಸಬೇಕು. ಸಾಧ್ಯವಾದರೆ ನಮ್ಮ ಮಾವನವರ ಪಕ್ಕದಲ್ಲಿ ಕೂತು ಒಮ್ಮೆ ಗಾಡಿ ಓಡಿಸಿ ತೋರಿಸಬೇಕು. ಇಷ್ಟೊಂದು ಜನರನ್ನು ಹಿಂದೆ ಕೂರಿಸಿಕೊಂಡು, ಕನ್ನಡಿ ನೋಡದೆ, ಇಷ್ಟು ವೇಗವಾಗಿ ತಿರುಗಿಸುವವರನ್ನು ಅವರು ಇದುವರೆಗೆ ಕಂಡಿಲ್ಲ.

ಕೊನೆಯದಾಗಿ, ಮೊನ್ನೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ನಮ್ಮ ಗುಂಪಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಒಬ್ಬಾಕೆ ಇದ್ದಾಳೆ. ಅವಳ ಕುರ್ಚಿಯೊಂದನ್ನು ಮಾವನವರು ಫೋಟೋದಲ್ಲಿ ಮತ್ತೆ ಮತ್ತೆ ಫೇಲು ಮಾಡಿದ್ದರು. ತಡೆಯಲಾರದೆ, ಕುರ್ಚಿಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು, ಅದರ ಬೆನ್ನಿಗೊಂದು ಹೆಲ್ಮೆಟ್ಟನ್ನೂ ತೊಡಿಸಿಕೊಂಡು ಬಂದೇಬಿಟ್ಟಳು. ಮಾವನವರು ಮೊದಲು ಹೆಲ್ಮೆಟ್ಟನ್ನು ನೋಡಿ "ಭೇಷ್" ಎಂದರು. ಆಮೇಲೆ ಕುರ್ಚಿಯನ್ನು ಇಳಿಸಿ, ಶೆಡ್ಡಿನೊಳಗಿಟ್ಟು, ಕೂತು, "ಮುಂದಿನ ಎಡಗಾಲು ಗಿಡ್ಡ. ಫೇಲು" ಎಂದರು.

"ಕಾಲು ಸರಿಯಾಗಿದೆ ತಾತ. ನಿಮ್ಮ ನೆಲ ಸರಿಯಿಲ್ಲ" ಎಂದಳು ಆಕೆ.

"ಈ ನೆಲದ ಮೇಲೆ ಎಷ್ಟು ಕುರ್ಚಿ ಪಾಸು ಮಾಡಿದೀನಿ ಗೊತ್ತೇನಮ್ಮ?"

"ಹಾಗಾದ್ರೆ ಅವೆಲ್ಲ ಏನಾಗಿವೆಯೋ ನೋಡ್ಕೊಳ್ಳಿ" ಎಂದು ಅವಳು ಚೀಲದಿಂದ, ಲಿಫ್ಟ್ ಕೆಲಸಕ್ಕೆ ಬಳಸುವ, ನಡುವೆ ನೀರಿನ ಗುಳ್ಳೆಯಿರುವ ಮಟ್ಟಗೋಲನ್ನು ತೆಗೆದು ನೆಲದ ಮೇಲಿಟ್ಟಳು. ಗುಳ್ಳೆ ಓಡಿಹೋಗಿ ಒಂದು ಪಕ್ಕಕ್ಕೆ ನಿಂತಿತು. ಕಾರು ತೊಳೆದ ನೀರು ಹರಿದುಹೋಗಲೆಂದು ಹಿಂದೆ ಯಾರೋ ನೆಲವನ್ನು ಇಳಿಜಾರಾಗಿ ಹಾಕಿದ್ದರು. ಮಾವನವರು ಮಟ್ಟಗೋಲನ್ನು ತಿರುಗಿಸಿ ಇಟ್ಟು ನೋಡಿದರು. ಬೇರೆ ಕಡೆ ಇಟ್ಟು ನೋಡಿದರು. ನನ್ನ ಹೆಂಡತಿ ಆಸ್ಪತ್ರೆಯಿಂದ ಬಂದಾಗ ನಾವು ಮೂವರೂ ನೆಲದ ಮೇಲೆ ಅಂಗಾತ ಮಲಗಿ ಕುರ್ಚಿಯ ಅಡಿಯನ್ನು ನೋಡುತ್ತ ಜಗಳವಾಡುತ್ತಿದ್ದೆವಂತೆ. ಕ್ಯಾಮೆರಾ ಎಂಬುದೊಂದು ಇದೆಯೆಂದು ನಮಗೆ ಯಾರಿಗೂ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾವನವರು ಇಸ್ತ್ರಿಯ ಅಂಗಿ ತೊಟ್ಟು, ಆಕೆಯಿಂದ ಕೇಳಿ ಪಡೆದ ಮಟ್ಟಗೋಲನ್ನು ಕಂಕುಳಲ್ಲಿಟ್ಟುಕೊಂಡು, ಊರುಗೋಲು ಹಿಡಿದು ಹೊರಟರು. ಉಳಿ, ಅಂಟು, ಉಪ್ಪುಕಾಗದದ ಚೀಲ ಹೊತ್ತು ನಾನು ಹಿಂದೆ. ಮಾವನವರು ಆ ನೆಲದ ಮೇಲೆ ಪಾಸು ಮಾಡಿದ್ದ ಕುರ್ಚಿಗಳಿದ್ದ ಒಂದೊಂದು ಮನೆಯ ಬಾಗಿಲನ್ನೂ ತಟ್ಟಿ, "ನನ್ನಿಂದ ತಪ್ಪಾಗಿದೆ, ನಮ್ಮ ನೆಲ ವಾರೆ ಇತ್ತು, ಇನ್ನೊಂದ್ಸಲ ನೋಡಬಹುದಾ?" ಎಂದು ಕೇಳಿದರು. ಕೆಲವರು ನಕ್ಕರು, ಕೆಲವರು ಒಳಗೆ ಕರೆದು ಕೂರಿಸಿದರು. ಕುಂಟಿದ ಕುರ್ಚಿಗಳನ್ನು ನಾನು ಅಲ್ಲಲ್ಲೇ ಸರಿಮಾಡಿದೆ. ಬಿಸಿಲೇರುವ ಹೊತ್ತಿಗೆ ಅವರ ಮಂಡಿ ಸೋತಿತ್ತು. "ಉಳಿದದ್ದು ನಾಳೆ ನೋಡೋಣ ಮಾವ" ಎಂದೆ. "ತಪ್ಪು ತೀರ್ಪು ಕೊಟ್ಟವನು ನಾನು, ಕೂತ್ಕೊಂಡೋರು ಅವರು. ಇವತ್ತೇ ಮುಗಿಸೋಣ" ಎಂದು ನನ್ನ ಭುಜದ ಮೇಲೆ ಕೈಯಿಟ್ಟು, ಮುಂದಿನ ಮನೆಯ ಮೆಟ್ಟಿಲು ಹತ್ತಿದರು.

ತಮ್ಮ ನೆಲವನ್ನು ಯಾರಾದರೂ ಒಮ್ಮೆ ಅಳೆದು ನೋಡಿದ್ದಾರೆಯೇ, ಮಾನ್ಯರೇ?

ತಮ್ಮ ವಿಶ್ವಾಸಕ್ಕೆ ಇತ್ತೀಚೆಗೆ ಪಾತ್ರನಲ್ಲದಿದ್ದರೂ
ತಮ್ಮ ವಿಶ್ವಾಸಿಯೇ ಆದ,
ಕುರ್ಚಿ ರಿಪೇರಿಯವನು

ತಾಜಾ ಕಲಂ: ಈ ಪತ್ರವನ್ನು ಬರೆಯುತ್ತಿದ್ದಾಗಲೇ ತಾವು 'ದೂರಿನ ಪತ್ರ ಬರೆಯುವುದು ಹೇಗೆ' ಎಂಬ ವಿಡಿಯೋವನ್ನು ನನಗೆ ತೋರಿಸಿದಿರಿ. ಪತ್ರ ಒಂದು ಪುಟ ಮೀರಬಾರದು, ವ್ಯಂಗ್ಯ ಇರಲೇಬಾರದು ಎಂದು ಅದರಲ್ಲಿ ಒಬ್ಬಾಕೆ ಬಹಳ ಚೆನ್ನಾಗಿ ವಿವರಿಸಿದ್ದಾಳೆ. ಸ್ವಲ್ಪ ಮೊದಲೇ ತೋರಿಸಿದ್ದರೆ ಇಬ್ಬರಿಗೂ ಅನುಕೂಲವಾಗುತ್ತಿತ್ತು. ಆಕೆ ಕೂತಿದ್ದ ಕುರ್ಚಿ ಮಾತ್ರ ಬಲಕ್ಕೆ ವಾಲುತ್ತಿದೆ. ದಯವಿಟ್ಟು ನನ್ನ ವಿಳಾಸವನ್ನು ಆಕೆಗೆ ತಲುಪಿಸಿ, ಅದೊಂದು ಶಿಫಾರಸನ್ನಾದರೂ ಮಾಡಿ.